ಮೂತ್ರಪಿಂಡದ ನೀರುಗುಳ್ಳೆ: ದುರ್ಗಸೀಮೆಯ ನೀರು, ವಂಶಾವಳಿ ಹಾಗೂ ವೈದ್ಯಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಚರಿತ್ರೆಯನ್ನು ಬಹುಮಟ್ಟಿಗೆ ನೀರಿನ ಚರಿತ್ರೆಯೆಂದೇ ಹೇಳಬಹುದು. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಕೆಳಗಿನ ಊರಿನ ಸಿಹಿನೀರು ಹೊಂಡ ಹಾಗೂ ಸಂತೆಹೊಂಡಗಳು ಇಲ್ಲಿಯ ಜನ ಮಳೆಯ ಹನಿಯನ್ನು ಹೇಗೆ ಕೂಡಿಟ್ಟರೆಂಬುದಕ್ಕೆ ಸಾಕ್ಷಿಯಾಗಿವೆ. ಹೊಸದುರ್ಗ ಸೀಮೆಯನ್ನು ಹಾದು ಹಿರಿಯೂರಿನತ್ತ ಹರಿಯುವ ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ಮೈಸೂರು ಸಂಸ್ಥಾನವು 1907ರಲ್ಲಿ ಪೂರ್ಣಗೊಳಿಸಿತು. ಈ ಜಲಾಶಯವು 1933ರಲ್ಲಿ ಕೋಡಿ ಹರಿದ ತರುವಾಯ ಮತ್ತೆ ಕೋಡಿ ಹರಿದುದು 2022ರಲ್ಲಿ. ಈ 89 ವರ್ಷಗಳ ಅವಧಿಯಲ್ಲಿಯೇ ಹೊಂಡ, ಕೆರೆ, ತೆರೆದ ಬಾವಿಗಳ ಸ್ಥಾನವನ್ನು ಕೊಳವೆಬಾವಿಯು ಆಕ್ರಮಿಸಿತು.

ಆಳದ ಶಿಲಾಸ್ತರದಿಂದ ಬಂದ ನೀರು ತನ್ನೊಡನೆ ಫ್ಲೋರೈಡನ್ನೂ ಗಡಸುತನವನ್ನೂ ತಂದಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲ ಈ ಮಿತಿಯನ್ನು ಮೀರಿದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗ ಮೂತ್ರಪಿಂಡವೇ ಆದುದರಿಂದ, ಅದು ದುರ್ಬಲವಾದವರಲ್ಲಿ ಈ ವಿಷ ಹೆಚ್ಚು ಉಳಿಯುತ್ತದೆ. ಹೀಗಿರುವಲ್ಲಿ ಮೂತ್ರಪಿಂಡದ ಸಕಲ ವ್ಯಾಧಿಗಳಿಗೂ ನೀರೇ ಮೂಲವೆಂಬ ಭಾವನೆ ಮೂಡುವುದು ಸಹಜ. ಆದರೆ ಮೂತ್ರಪಿಂಡದಲ್ಲಿ ಕಾಣುವ ನೀರುಗುಳ್ಳೆಗೆ, ಅಂದರೆ ಸಿಸ್ಟ್ ಎಂದು ವೈದ್ಯರು ಕರೆಯುವ ದ್ರವ ತುಂಬಿದ ಚೀಲಕ್ಕೆ, ಈ ತೀರ್ಮಾನ ಹೊಂದುವುದಿಲ್ಲ. ಅದರ ಚರಿತ್ರೆ ನೀರಿನದಲ್ಲ. ವಯಸ್ಸಿನದು ಮತ್ತು ವಂಶದ್ದು.

ಕಾಣದಿದ್ದ ವ್ಯಾಧಿ

ಪ್ರಾಚೀನ ಭಾರತೀಯ ವೈದ್ಯವು ಮೂತ್ರಸಂಬಂಧಿ ವ್ಯಾಧಿಗಳನ್ನು ಲಕ್ಷಣಗಳ ಮೂಲಕ ಅರಿಯಿತು. ಸುಶ್ರುತನು ಅಶ್ಮರಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಶಸ್ತ್ರಚಿಕಿತ್ಸೆಯನ್ನು ವಿವರಿಸಿದನು. ಮೂತ್ರಕೃಚ್ಛ್ರ, ಮೂತ್ರಾಘಾತಗಳೂ ಸಂಹಿತೆಗಳಲ್ಲಿ ವಿಸ್ತಾರವಾಗಿವೆ. ಕನ್ನಡದಲ್ಲಿಯೂ ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿ ವೈದ್ಯವನ್ನು ದೇಶಭಾಷೆಗೆ ತಂದನು. ಕಲ್ಲು ನೋವನ್ನು ಕೊಡುತ್ತದೆ, ಹೊರಬಿದ್ದಾಗ ಕೈಗೆ ಸಿಗುತ್ತದೆ. ನೀರುಗುಳ್ಳೆಯಾದರೋ ಬಹುಮಟ್ಟಿಗೆ ಮೌನವಾಗಿ ಬೆಳೆಯುತ್ತದೆ. ನೋಡುವ ಸಾಧನವಿಲ್ಲದ ಕಾಲದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆಯದಿದ್ದುದು ಆಶ್ಚರ್ಯವಲ್ಲ.

ಯುರೋಪಿನಲ್ಲಿ ಇದು ಮೊದಲು ಬೆಳಕಿಗೆ ಬಂದುದು ಶವಪರೀಕ್ಷೆಯಿಂದ. 1586ರಲ್ಲಿ ತೀರಿಕೊಂಡ ಪೋಲೆಂಡಿನ ದೊರೆ ಸ್ಟೀಫನ್ ಬಾಥೋರಿಯ ಮೂತ್ರಪಿಂಡಗಳು ಎತ್ತಿನವುಗಳಷ್ಟು ದೊಡ್ಡವಾಗಿ, ಉಬ್ಬುತಗ್ಗುಗಳಿಂದ ಕೂಡಿದ್ದುವೆಂಬ ವರ್ಣನೆಯನ್ನು ಈ ರೋಗದ ಮೊದಲ ದಾಖಲೆಯೆಂದು ಪರಿಗಣಿಸುವುದುಂಟು. ಫ್ರಾನ್ಸಿನ ಫೆಲಿಕ್ಸ್ ಲೆಜಾರ್ 1888ರಲ್ಲಿ 'ಪಾಲಿಸಿಸ್ಟಿಕ್ ಮೂತ್ರಪಿಂಡ' ಎಂಬ ಹೆಸರನ್ನು ಬಳಕೆಗೆ ತಂದನು. ಡೆನ್ಮಾರ್ಕಿನ ಡಾಲ್ಗಾರ್ಡ್ 1957ರಲ್ಲಿ 284 ರೋಗಿಗಳ ಹಾಗೂ ಅವರ ಕುಟುಂಬಗಳ ಅಧ್ಯಯನದಿಂದ ಇದು ವಂಶಪಾರಂಪರ್ಯವಾಗಿ ಬರುವ ಕ್ರಮವನ್ನು ಖಚಿತಪಡಿಸಿದನು. ಕಾರಣವಾದ ಎರಡು ಪ್ರಮುಖ ಜೀನುಗಳು 1994 ಮತ್ತು 1996ರಲ್ಲಿ ಪತ್ತೆಯಾದುವು.

ಸ್ಕ್ಯಾನಿಂಗ್ ತಂದ ಬದಲಾವಣೆ

ಅಲ್ಟ್ರಾಸೌಂಡ್ ಯಂತ್ರಗಳು ಜಿಲ್ಲಾ, ತಾಲ್ಲೂಕು ಕೇಂದ್ರಗಳನ್ನು ತಲುಪಿದ ಮೇಲೆ, ಹೊಟ್ಟೆನೋವಿಗೆಂದು ಪರೀಕ್ಷೆಗೆ ಬಂದ ವೃದ್ಧರಲ್ಲಿಯೂ ನೀರುಗುಳ್ಳೆಗಳು ಕಾಣತೊಡಗಿದುವು. ಇಲ್ಲಿ ಎರಡು ಬಗೆಗಳನ್ನು ಪ್ರತ್ಯೇಕಿಸಿ ನೋಡುವುದು ಅವಶ್ಯಕ. 50 ವರ್ಷ ದಾಟಿದವರಲ್ಲಿ ಒಂದೆರಡು ಸರಳ ಗುಳ್ಳೆಗಳಿರುವುದು ಸಾಮಾನ್ಯ ಸಂಗತಿ; ತೊಂದರೆ ಕೊಡದಿದ್ದರೆ ಅವಕ್ಕೆ ಚಿಕಿತ್ಸೆ ಬೇಕಿಲ್ಲ. ಗೋಡೆ ದಪ್ಪವಾದ, ಒಳಗೆ ಗಟ್ಟಿಭಾಗವುಳ್ಳ ಗುಳ್ಳೆಗಳಲ್ಲಿ ಮಾತ್ರ ಕ್ಯಾನ್ಸರಿನ ಶಂಕೆ ಏಳುತ್ತದೆ. 1986ರಲ್ಲಿ ಬೋಸ್ನಿಯಾಕ್ ರೂಪಿಸಿದ, 2019ರಲ್ಲಿ ಪರಿಷ್ಕೃತವಾದ ವರ್ಗೀಕರಣವು ಯಾವುದನ್ನು ಬಿಡಬೇಕು, ಯಾವುದನ್ನು ಕಾಯ್ದು ನೋಡಬೇಕು, ಯಾವುದಕ್ಕೆ ಶಸ್ತ್ರಚಿಕಿತ್ಸೆ ಬೇಕಾದೀತು ಎಂಬುದನ್ನು ನಿರ್ಧರಿಸಲು ನೆರವಾಗುತ್ತದೆ. ವಂಶದಿಂದ ಬರುವ ಪಾಲಿಸಿಸ್ಟಿಕ್ ರೋಗ ಇದಕ್ಕಿಂತ ತೀರ ಭಿನ್ನ. ಇದರಲ್ಲಿ ಎರಡೂ ಮೂತ್ರಪಿಂಡಗಳಲ್ಲಿ ಅಸಂಖ್ಯ ಗುಳ್ಳೆಗಳು ಬೆಳೆಯುತ್ತ ಹೋಗಿ, ನಡುವಯಸ್ಸಿನ ಹೊತ್ತಿಗೆ ರಕ್ತದೊತ್ತಡ ಏರಿ, ಅನೇಕರಲ್ಲಿ ಕೊನೆಗೆ ಮೂತ್ರಪಿಂಡವೇ ವಿಫಲವಾಗುತ್ತದೆ.

ವಂಶಾವಳಿಯ ಪ್ರಶ್ನೆ

ಕರ್ನಾಟಕದಲ್ಲಿ ವಂಶಾವಳಿಯನ್ನು ಕಾಯ್ದುಕೊಂಡು ಬಂದ ಪರಂಪರೆ ಇದ್ದೇ ಇದೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗುವ ಹೆಳವರು ಒಕ್ಕಲು ಮನೆತನಗಳ ಮೂಲಪುರುಷರಿಂದ ತೊಡಗಿ ತಲೆಮಾರುಗಳನ್ನು ಹಾಡಿ ಹೇಳುತ್ತಾರೆ, ಬರೆದಿಡುತ್ತಾರೆ. ಸಾಮಾಜಿಕ ಚರಿತ್ರೆಗೆ ಈ ದಾಖಲೆಗಳು ಅಮೂಲ್ಯವಾದುವು. ಆದರೆ ಅವು ಬಹುಮಟ್ಟಿಗೆ ಗಂಡುಸಂತತಿಯನ್ನು ಅನುಸರಿಸುತ್ತವೆ. ರೋಗ ಹಾಗೆ ಅನುಸರಿಸುವುದಿಲ್ಲ. ಪಾಲಿಸಿಸ್ಟಿಕ್ ರೋಗವುಳ್ಳ ತಂದೆ ಅಥವಾ ತಾಯಿಯಿಂದ ಮಗನಿಗಾಗಲಿ ಮಗಳಿಗಾಗಲಿ ಅದು ಬರುವ ಸಂಭವ ಸಮವಾಗಿ ಶೇಕಡಾ 50. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಕೊಟ್ಟ ಮಗಳ ಸಂತತಿ ತವರಿನ ಲೆಕ್ಕದಿಂದ ಹೊರಗುಳಿದರೆ ರೋಗದ ಅರ್ಧ ಚರಿತ್ರೆಯೇ ಕಳೆದುಹೋಗುತ್ತದೆ. ಶಿಶುಗಳಲ್ಲಿ ಕಾಣುವ ಇನ್ನೊಂದು ವಿರಳ ಬಗೆಗೆ ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕು. ಸೋದರಮಾವ, ಅತ್ತೆಮಗನಂತಹ ರಕ್ತಸಂಬಂಧದ ವಿವಾಹಗಳಲ್ಲಿ ಅದರ ಸಂಭವ ಹೆಚ್ಚುತ್ತದೆ.

ಈ ವಿಚಾರಕ್ಕೆ ಮಹತ್ವವಿರುವುದು ಚಿಕಿತ್ಸೆಯ ಘಟ್ಟದಲ್ಲಿ. ರಕ್ತದೊತ್ತಡದ ನಿಯಂತ್ರಣ, ಉಪ್ಪಿನ ಮಿತಿ, ಮನಬಂದಂತೆ ನೋವಿನ ಮಾತ್ರೆ ನುಂಗದಿರುವುದು ಇವು ಮೊದಲ ಕ್ರಮಗಳು. ರೋಗದ ವೇಗವನ್ನು ತಗ್ಗಿಸುವ ಟಾಲ್ವಾಪ್ಟಾನ್ ಔಷಧಿಗೆ ಜಪಾನಿನಲ್ಲಿ 2014ರಲ್ಲಿಯೂ ಅಮೆರಿಕದಲ್ಲಿ 2018ರಲ್ಲಿಯೂ ಮಾನ್ಯತೆ ದೊರೆಯಿತು. ಯಕೃತ್ತಿಗೆ ಹಾನಿಯ ಸಂಭವವಿರುವುದರಿಂದ ತಜ್ಞರ ನಿಗಾ ಬೇಕು. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಉದ್ದೇಶ ಹೊಂದಿದೆ. ಕಸಿಯ ಸಂದರ್ಭದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯು ಹತ್ತಿರದ ಬಂಧುಗಳ ದಾನಕ್ಕೆ ಆದ್ಯತೆ ನೀಡುತ್ತದೆ. ಆದರೆ ದಾನಕ್ಕೆ ಮುಂದೆ ಬರುವ ಅಣ್ಣನೋ ತಂಗಿಯೋ ಅದೇ ರೋಗವನ್ನು ಅರಿವಿಲ್ಲದೆ ಹೊತ್ತಿರಬಹುದು. ಆದುದರಿಂದ ಅವರ ಪರೀಕ್ಷೆ ಅನಿವಾರ್ಯ.

ಒಟ್ಟಿನಲ್ಲಿ, ದುರ್ಗಸೀಮೆಯ ನೀರನ್ನು ಶುದ್ಧಗೊಳಿಸುವ ಕಾರ್ಯ ಹಲ್ಲು, ಮೂಳೆಗಳ ರಕ್ಷಣೆಗೂ ದುರ್ಬಲ ಮೂತ್ರಪಿಂಡಗಳ ಹಿತಕ್ಕೂ ಅಗತ್ಯ. ಅದರಿಂದ ನೀರುಗುಳ್ಳೆ ನಿಲ್ಲುವುದಿಲ್ಲ. ಅದನ್ನು ಅರಿಯಲು ಬೇಕಾದುದು ಹೆಣ್ಣುಮಕ್ಕಳ ಸಂತತಿಯನ್ನೂ ಒಳಗೊಂಡ ಮನೆತನದ ಆರೋಗ್ಯಚರಿತ್ರೆ. ಹೊಂಡಗಳ ಚರಿತ್ರೆಯನ್ನು ಶ್ರದ್ಧೆಯಿಂದ ಬರೆದಿರಿಸಿದ ನಾಡು ಈ ಚರಿತ್ರೆಯನ್ನೂ ಬರೆದಿಡಬೇಕಾಗಿದೆ.