‘ಡಿಕಾಂಪೋಸ್’: ಪದದ ಅರ್ಥ ಮತ್ತು ಕೃಷಿಯಲ್ಲಿ ಬಳಕೆ

ಕೂಡಿದ ವಸ್ತುವು ತನ್ನ ಘಟಕಗಳಾಗಿ ಒಡೆಯುವುದು ಎಂಬುದು ‘ಡಿಕಾಂಪೋಸ್’ ಎಂಬ ಇಂಗ್ಲಿಷ್ ಕ್ರಿಯಾಪದದ ಮೂಲಾರ್ಥ.

ರಸಾಯನಶಾಸ್ತ್ರದಲ್ಲಿ ಇದು ‘ವಿಭಜನೆ’: ಸುಣ್ಣದ ಕಲ್ಲನ್ನು ಸುಟ್ಟಾಗ ಅದು ಸುಟ್ಟ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬೇರ್ಪಡುತ್ತದೆ. ಜೀವಶಾಸ್ತ್ರದಲ್ಲಿ ಇದು ‘ವಿಘಟನೆ’: ಸತ್ತ ಸಸ್ಯ ಹಾಗೂ ಪ್ರಾಣಿಗಳ ಭಾಗಗಳನ್ನು ಸೂಕ್ಷ್ಮಜೀವಿಗಳು ಸರಳ ವಸ್ತುಗಳಾಗಿ ಒಡೆಯುತ್ತವೆ. ರೈತರ ಮಾತಿನಲ್ಲಿ ಇದೇ ‘ಕಳಿಯುವುದು’. ಅಡಿಕೆಯ ಕೊಳೆರೋಗಕ್ಕೆ ಈ ಪದ ಸಲ್ಲದು; ಅದು ಜೀವಂತ ಕಾಯಿಗೆ ತಗಲುವ ಸೋಂಕು.

ಗೊಬ್ಬರದ ಶಿಫಾರಸಿನಲ್ಲಿ ‘ಡಿಕಾಂಪೋಸ್ಡ್’ ಎಂದರೆ ಪೂರ್ಣವಾಗಿ ಕಳಿತದ್ದು, ಇನ್ನೂ ಕಳಿಯುತ್ತಿರುವುದಲ್ಲ. ಇಂಗಾಲ-ಸಾರಜನಕ ಅನುಪಾತವು 30:1ಕ್ಕಿಂತ ಹೆಚ್ಚಿರುವ ಅರೆಕಳಿತ ಗೊಬ್ಬರವನ್ನು ಹಾಕಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ. ಎಳೆಯ ಬೆಳೆ ಹಳದಿಯಾಗುತ್ತದೆ. ಗೊಣ್ಣೆಹುಳು ಮತ್ತು ಕಳೆಬೀಜಗಳೂ ಅದರೊಂದಿಗೆ ಹೊಲ ಸೇರಬಹುದು.

‘ಡಿಕಾಂಪೋಸರ್’ ಎಂಬುದು ಕಳಿಯುವಿಕೆಯನ್ನು ತ್ವರಿತಗೊಳಿಸುವ ಸೂಕ್ಷ್ಮಜೀವಿಗಳ ಮಿಶ್ರಣ. ಅದು ಗೊಬ್ಬರಕ್ಕೆ ಬದಲಿಯಲ್ಲ.

ಕಡುಕಂದು ಬಣ್ಣ, ಮಣ್ಣಿನ ವಾಸನೆ, ರಾಶಿಯೊಳಗೆ ಕೈಯಿಟ್ಟಾಗ ಬಿಸಿ ತಾಗದಿರುವುದು, ಮೂಲ ಕಸದ ಗುರುತು ಸಿಗದಿರುವುದು ಇವು ಕಳಿತ ಗೊಬ್ಬರದ ಲಕ್ಷಣಗಳು. ವಿಸ್ತರಣಾ ಕಾರ್ಯಕರ್ತರು ಶಿಫಾರಸಿನಲ್ಲಿ ‘ಚೆನ್ನಾಗಿ ಕಳಿತ’ ಎಂದೇ ಬರೆದು, ಈ ಲಕ್ಷಣಗಳನ್ನು ರೈತರಿಗೆ ರಾಶಿಯಲ್ಲಿಯೇ ತೋರಿಸುವುದು ಸೂಕ್ತ.