ಕೈಗಾರಿಕಾ ನೀತಿ ನಿರ್ಣಯಗಳು (1948, 1956)

ಯಾವ ಉದ್ಯಮ ಸರ್ಕಾರದ್ದು, ಯಾವುದು ಖಾಸಗಿಯವರದ್ದು ಎಂಬ ಹಗ್ಗಜಗ್ಗಾಟದಲ್ಲಿ ಸ್ವತಂತ್ರ ಭಾರತ ಮಾಡಿಕೊಂಡ ರಾಜಿ ಸೂತ್ರಗಳು.

ಕಾಂಗ್ರೆಸ್ಸಿನ ಸಮಾಜವಾದಿಗಳಿಗೆ ರಾಷ್ಟ್ರೀಕರಣ ಬೇಕಿತ್ತು, ಬಂಡವಾಳಗಾರರಿಗೆ ಅದೇ ಭಯ. ಆದರೂ ನಡುವಿನ ಕಂದಕ ತೋರುವಷ್ಟು ಆಳವಿರಲಿಲ್ಲ. ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಮೊದಲಾದ ಉದ್ಯಮಿಗಳು ತಾವೇ ರೂಪಿಸಿದ 1944ರ ಬಾಂಬೆ ಯೋಜನೆಯಲ್ಲೇ ಸರ್ಕಾರದ ದೊಡ್ಡ ಪಾತ್ರವನ್ನು ಒಪ್ಪಿದ್ದರು.

1948ರ ಏಪ್ರಿಲ್ 6ರ ನಿರ್ಣಯ ಶಸ್ತ್ರಾಸ್ತ್ರ, ಅಣುಶಕ್ತಿ, ರೈಲ್ವೆಗಳನ್ನು ಸರ್ಕಾರಕ್ಕೇ ಮೀಸಲಿಟ್ಟಿತು. ಕಲ್ಲಿದ್ದಲು, ಕಬ್ಬಿಣ ಮತ್ತು ಉಕ್ಕು, ವಿಮಾನ ತಯಾರಿಕೆ, ಹಡಗು ನಿರ್ಮಾಣ, ದೂರವಾಣಿ ಉಪಕರಣ, ಖನಿಜ ತೈಲ ಕ್ಷೇತ್ರಗಳಲ್ಲಿ ಹೊಸ ಘಟಕಗಳನ್ನು ಸಾಮಾನ್ಯವಾಗಿ ಸರ್ಕಾರವೇ ಕಟ್ಟಬೇಕಿತ್ತು. ಇದ್ದ ಖಾಸಗಿ ಘಟಕಗಳಿಗೆ ಹತ್ತು ವರ್ಷಗಳ ಅಭಯ. ರಾಜಿಯ ಜೀವಾಳ ಈ ಗಡುವಿನಲ್ಲೇ ಇತ್ತು. ಒಂದು ಪಕ್ಷಕ್ಕೆ ರಾಷ್ಟ್ರೀಕರಣದ ಆಸೆ ಉಳಿಯಿತು, ಇನ್ನೊಂದಕ್ಕೆ ಉಸಿರಾಡಲು ಸಮಯ ಸಿಕ್ಕಿತು.

1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜದ ಗುರಿಯನ್ನು ಒಪ್ಪಿತು. ಮರುವರ್ಷದ ಏಪ್ರಿಲ್ 30ರ ನಿರ್ಣಯದಲ್ಲಿ ಸರ್ಕಾರಕ್ಕೆ ಮೀಸಲಾದ 'ಎ' ಪಟ್ಟಿಯಲ್ಲಿ 17, ಸರ್ಕಾರ ಕ್ರಮೇಣ ಪ್ರವೇಶಿಸಬೇಕಿದ್ದ 'ಬಿ' ಪಟ್ಟಿಯಲ್ಲಿ 12 ಉದ್ಯಮಗಳಿದ್ದವು. ಉಕ್ಕು 'ಎ' ಪಟ್ಟಿಗೆ ಸೇರಿದರೂ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಖಾಸಗಿಯಾಗಿಯೇ ಬೆಳೆಯಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಸರ್ಕಾರಿ ಕುಲುಮೆಗಳು ಹೊತ್ತಿಕೊಂಡವು. ಬರಹಕ್ಕಿಂತ ಆಚರಣೆ ಮೆತ್ತಗಿತ್ತು ಎನ್ನಲು ಟಾಟಾ ಕಾರ್ಖಾನೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೈಸೂರು ಸಂಸ್ಥಾನ ಇಂಥ ಹೊಂದಾಣಿಕೆಯನ್ನು ಮೊದಲೇ ಕಂಡಿತ್ತು: 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು.

1991ರ ಜುಲೈನ ಹೊಸ ನೀತಿ ಸರ್ಕಾರಕ್ಕೆ ಮೀಸಲಾದ ಕ್ಷೇತ್ರಗಳನ್ನು ಎಂಟಕ್ಕೆ ಇಳಿಸಿತು.