ತನ್ನ ಕುರ್ಚಿಗೆ ತಾನೇ ಕಟ್ಟಳೆ: ದೊಡ್ಮನೆಯ ವಕೀಲ ರಾಮಕೃಷ್ಣ ಹೆಗಡೆ

ರಾಮಕೃಷ್ಣ ಹೆಗಡೆಯವರ ಕುರಿತ ಬರವಣಿಗೆಯಲ್ಲಿ ಹೆಚ್ಚು ಪಾಲು ಚುನಾವಣೆ, ಬಣ, ದೆಹಲಿಯ ಲೆಕ್ಕಾಚಾರಗಳದ್ದು. ಅವರು ಕಾನೂನು ಓದಿದವರು ಎಂಬುದು ಪರಿಚಯದ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರ ಕೆಲಸದಲ್ಲಿ ಇಂದಿಗೂ ಉಳಿದಿರುವುದು ಆ ಓದಿನ ಭಾಗವೇ ಎಂಬುದು ಈ ಲೇಖನದ ವಾದ.

ಹೆಗಡೆಯವರು ಹುಟ್ಟಿದ್ದು 1926ರ ಆಗಸ್ಟ್ 29ರಂದು, ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಬಾಲ್ಯದಲ್ಲಿ ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದು ಭೂಮಿ ಕಳೆದುಕೊಂಡರು; ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಇದರ ಜೊತೆಗೆ ಇನ್ನೊಂದು ಪರಂಪರೆಯನ್ನೂ ಗಮನಿಸಬೇಕು. 1923ರಲ್ಲೇ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದರು. ಸಭೆ ಕರೆಯುವುದು, ಠರಾವು ಬರೆಯುವುದು, ಲೆಕ್ಕ ಒಪ್ಪಿಸುವುದು ಇಲ್ಲಿನ ತೋಟಿಗರಿಗೆ ಸ್ವರಾಜ್ಯಕ್ಕಿಂತ ಮೊದಲೇ ರೂಢಿಯಾಗಿತ್ತು. ಕಾನೂನನ್ನು ಧಿಕ್ಕರಿಸುವ ಧೈರ್ಯ, ಕಟ್ಟಳೆಯಂತೆ ಸಂಸ್ಥೆ ನಡೆಸುವ ಶಿಸ್ತು ಎರಡೂ ಒಂದೇ ಮಣ್ಣಿನಲ್ಲಿದ್ದವು.

1942ರ ಚಳವಳಿಯಲ್ಲಿ ಅವರೂ ಜೈಲು ಕಂಡರು. ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಉತ್ತರ ಕನ್ನಡವು ಹೊಸ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಶಿರಸಿಯಿಂದ ವಿಧಾನಸಭೆಗೆ ಬಂದರು. ಮುಂದೆ ಹಣಕಾಸು ಖಾತೆ, ವಿಧಾನ ಪರಿಷತ್ತಿನ ವಿರೋಧ ಪಕ್ಷದ ಸ್ಥಾನ, ತುರ್ತುಪರಿಸ್ಥಿತಿಯ ಸೆರೆಮನೆ. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು.

ಅದೇ ವರ್ಷ ರೂಪುಗೊಂಡ ಪಂಚಾಯತ್ ಮಸೂದೆಯೇ ಈ ಬದುಕಿನ ಕೇಂದ್ರ ದಾಖಲೆ. ನೀರು ಸಾಬ್ ಎಂದೇ ಜನ ಕರೆಯುತ್ತಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಬೆನ್ನೆಲುಬು. ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. ಈ ಕಾಯ್ದೆಯಡಿ ಚುನಾಯಿತ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯರಾದ ಮುಖ್ಯ ಕಾರ್ಯದರ್ಶಿ. ಸಾಹೇಬರ ಕಚೇರಿಯೇ ಸರ್ಕಾರವೆಂದು ನಂಬಿದ್ದ ಜಿಲ್ಲೆಗಳಲ್ಲಿ ಇದು ಸಣ್ಣ ಮಾತಲ್ಲ. ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. 1987ರ ಜನವರಿಯ ಚುನಾವಣೆಯಲ್ಲಿ ಹಳ್ಳಿಗಳ ಮಟ್ಟದ ಮಂಡಲ ಪಂಚಾಯತಿಗಳಿಗೇ 50,000ಕ್ಕೂ ಹೆಚ್ಚು ಸದಸ್ಯರು ಆರಿಸಿ ಬಂದರು. ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದು ಇದಾಗಿ ಆರು ವರ್ಷಕ್ಕೆ, 1993ರಲ್ಲಿ.

ಇದರ ಪಕ್ಕದಲ್ಲೇ 1984ರ ಲೋಕಾಯುಕ್ತ ಕಾಯ್ದೆಯನ್ನು ಇಟ್ಟು ಓದಬೇಕು. ಮುಖ್ಯಮಂತ್ರಿಯನ್ನೂ ಅದು ವಿಚಾರಣೆಯ ವ್ಯಾಪ್ತಿಗೆ ತಂದಿತು. ಒಂದು ಕಾಯ್ದೆ ಅವರ ಅಧಿಕಾರವನ್ನು ಕೆಳಕ್ಕೆ ಹಂಚಿತು, ಮತ್ತೊಂದು ಅದರ ಮೇಲೆ ಕಣ್ಣಿಟ್ಟಿತು.

ಹಾಗೆಂದು ಅವರನ್ನು ಪೂಜೆಗೆ ಕೂರಿಸಬೇಕಿಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿದಾಗ, 1986ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಮೂರೇ ದಿನಕ್ಕೆ ಹಿಂತೆಗೆದುಕೊಂಡರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ ಕುರ್ಚಿ ಬಿಟ್ಟೇಬಿಟ್ಟರು. ಮೊದಲನೆಯದರಲ್ಲಿ ರಾಜಕಾರಣಿ ಗೆದ್ದ ಎಂದೇ ಈ ಲೇಖಕನ ತೀರ್ಮಾನ. ಎರಡನೆಯದನ್ನು ಅಷ್ಟು ಸುಲಭವಾಗಿ ತೂಗಲಾಗದು: ಅಧಿಕಾರಕ್ಕೆ ಕಡಿವಾಣ ಬರೆದವರ ಆಡಳಿತದಲ್ಲೇ ಆ ಆರೋಪ ಹುಟ್ಟಿತ್ತು. ಅವರ ನಂತರ ಬಂದ ಎಸ್. ಆರ್. ಬೊಮ್ಮಾಯಿಯವರೂ ವಕೀಲರೇ. ಅವರ ಸರ್ಕಾರದ ವಜಾ ಪ್ರಕರಣದಲ್ಲಿ 1994ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಇಂದು ಕಾನೂನು ವಿದ್ಯಾರ್ಥಿಗಳ ಪಾಠ.

ಹೆಗಡೆಯವರು 2004ರ ಜನವರಿ 12ರಂದು ತೀರಿಕೊಂಡರು. ಅವರ ಪಂಚಾಯತ್ ಕಾಯ್ದೆ ನಿಜಕ್ಕೂ ಹೇಗೆ ಬದುಕಿತು ಎಂಬುದಕ್ಕೆ ಬೆಂಗಳೂರಿನ ಕಡತಗಳು ಸಾಲವು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮನೆಗಳು ತೋಟದ ಮಗ್ಗುಲಲ್ಲಿ ಚದುರಿಕೊಂಡಿವೆ. ನಡುವೆ ಕಾಡು, ಹಳ್ಳ. ಅಂಥ ಊರುಗಳ ಹೆಂಗಸರು 1987ರಲ್ಲಿ ಮಂಡಲದ ಸಭೆಗೆ ಬಂದು ಏನು ಕೇಳಿದರು, ಕಾಲುಸಂಕವನ್ನೋ ಕುಡಿಯುವ ನೀರನ್ನೋ? ಆ ಮಂಡಲಗಳ ಐದು ವರ್ಷಗಳ ಅವಧಿಯ ನಡಾವಳಿ ಪುಸ್ತಕಗಳಲ್ಲಿ ಉಳಿದಷ್ಟನ್ನು ಗೆದ್ದಲು ಹಿಡಿಯುವ ಮೊದಲು ಹುಡುಕಿ ಓದಬೇಕಾಗಿದೆ.